ಆಣೆ ಹಾಕಿದ ಮೇಲೆ ಚಿಲಕ ಯಾಕೆ?

ಅಕ್ಕಂದಿರೇ, ಬೀಡಿ ಸುತ್ತುವ ಕೈ ಸುತ್ತುತ್ತಾ ಇರಲಿ, ಕಿವಿ ಮಾತ್ರ ಈಚೆ ಕೊಡಿ. ಇದು ಸುಖದ ಕಥೆಯಲ್ಲ. ಸಂಘದ ಸಭೆಯಲ್ಲಿ ಇಂಥದ್ದನ್ನೆಲ್ಲ ಯಾಕೆ ಓದುವುದು ಎಂದು ಯಾರಿಗಾದರೂ ಅನಿಸಿದರೆ, ಪೂರ್ತಿ ಕೇಳಿ ಆಮೇಲೆ ಜಗಳ ಮಾಡಿ.

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದೆ ಒಂದು ಹಳೆಯ ಗೋದಾಮು ಇತ್ತು. ಒಂದು ಕಾಲಕ್ಕೆ ಅದರಲ್ಲಿ ಹಂಚು ಪೇರಿಸಿ ಇಡುತ್ತಿದ್ದರು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಪೇಟೆಯ ಕೆಲವು ಅಂಗಡಿಯವರು ಸೇರಿ ಅದನ್ನು ಮನೆಯಿಲ್ಲದವರಿಗೆ ತಂಗುಮನೆ ಮಾಡಿದರು. ಸಮಿತಿಗೆ ಧರ್ಣಪ್ಪ ಅಧ್ಯಕ್ಷರು. ಅವರದು ಕೊಡೆ ಅಂಗಡಿ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಸಂಜೆ ತಾವೇ ನಿಂತು ಗಂಜಿ ಬಡಿಸುತ್ತಿದ್ದರು, ಉಪ್ಪಿನಕಾಯಿ ಸಾಕಾ ಎಂದು ಕೇಳುತ್ತಿದ್ದರು. ಊರಿನವರೆಲ್ಲ ಹೊಗಳುವವರೇ. ಹೊಟ್ಟೆಗೆ ಉಂಟು, ಮಲಗಲಿಕ್ಕೆ ಜಾಗ ಉಂಟು, ಪಾಪದವರಿಗೆ ಇನ್ನೇನು ಬೇಕು ಎಂದು ಎಲ್ಲರೂ ಕೇಳಿದರು. ಇನ್ನೇನು ಬೇಕು ಎಂದು ಒಳಗೆ ಮಲಗುವವರನ್ನು ಮಾತ್ರ ಯಾರೂ ಕೇಳಲಿಲ್ಲ.

ಗೋದಾಮು ಎಂದರೆ ಒಂದೇ ಉದ್ದನೆಯ ಹಾಲ್. ನಡುವೆ ಗೋಣಿಚೀಲ ಹೊಲಿದು ಒಂದು ಪರದೆ ಕಟ್ಟಿದ್ದರು. ಈಚೆ ಗಂಡಸರು, ಆಚೆ ಹೆಂಗಸರು. ಕಕ್ಕಸು ಗಂಡಸರ ಬದಿಯಲ್ಲಿ, ಹಿಂಬಾಗಿಲಿನ ಹೊರಗೆ. ಅಂದರೆ ಹೆಂಗಸರು ಅಲ್ಲಿಗೆ ಹೋಗಬೇಕಾದರೆ ಮಲಗಿದ ಗಂಡಸರ ಕಾಲು ದಾಟಿಕೊಂಡು ಹೋಗಬೇಕು. ಕಟ್ಟಿಸಿದವರಿಗೆ ಇದು ಹೊಳೆಯಲೇ ಇಲ್ಲ. ಅವರೆಲ್ಲ ಮಲಗುವುದು ಅವರವರ ಮನೆಯಲ್ಲಿ, ಹೊಳೆಯುವುದಾದರೂ ಹೇಗೆ!

ಪದ್ಮಾಕ್ಷಿ ಅಲ್ಲಿಗೆ ಬಂದದ್ದು ಮರುವರ್ಷ. ನಾರಾವಿ ಕಡೆಯವಳು, ಐವತ್ತರ ಹತ್ತಿರದ ಪ್ರಾಯ. ಗಂಡ ತೀರಿಕೊಂಡ ಮೇಲೆ ಮೈದುನ ಮನೆಗೆ ಬೀಗ ಹಾಕಿದ. ಮಕ್ಕಳಿಲ್ಲ. ಕೈಯಲ್ಲಿ ಬೀಡಿಯ ಕೆಲಸ ಇತ್ತು. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ದಿನವಿಡೀ ಸುತ್ತುತ್ತಿದ್ದಳು. ತಲೆಯ ಮೇಲೆ ಸೂರು ಸಿಕ್ಕಿದ್ದೇ ಅವಳಿಗೆ ದೊಡ್ಡದಾಗಿ ಕಂಡಿತು.

ಅವಳ ಚಾಪೆಯ ಪಕ್ಕದಲ್ಲಿ ಮೈಮೂನಮ್ಮನ ಚಾಪೆ. ತೀರಾ ವಯಸ್ಸಾದ ಬ್ಯಾರಿ ಹೆಂಗಸು, ಯಾರೋ ಬಸ್ ನಿಲ್ದಾಣದಲ್ಲಿ ಕೂರಿಸಿ ಹೋಗಿದ್ದರು. ಬುದ್ಧಿ ಒಂದು ಗಳಿಗೆ ಸರಿ, ಇನ್ನೊಂದು ಗಳಿಗೆ ಮಂಕು. ಊರು ಯಾವುದು ಎಂದರೆ ಫರಂಗಿಪೇಟೆ ಎನ್ನುತ್ತಿದ್ದರು, ಅಲ್ಲಿ ನನ್ನ ಅಕ್ಕ ಇದ್ದಾಳೆ ಎನ್ನುತ್ತಿದ್ದರು. ಸಮಿತಿಯವರು ವಿಚಾರಿಸಿದಾಗ ಅಕ್ಕ ಸತ್ತು ಎಷ್ಟೋ ಕಾಲವಾಗಿತ್ತು. ಪದ್ಮಾಕ್ಷಿ ಅವರ ಕೂದಲು ಬಾಚುತ್ತಿದ್ದಳು, ಗಂಜಿ ಆರಿಸಿ ಕೊಡುತ್ತಿದ್ದಳು. ಮೈಮೂನಮ್ಮ ಅವಳನ್ನು ಮೋಳೆ ಎಂದು ಕರೆಯುತ್ತಿದ್ದರು, ಮಗಳೇ ಎಂದು. ಅವಳು ಅವರನ್ನು ಉಮ್ಮ ಎನ್ನುತ್ತಿದ್ದಳು, ಅಮ್ಮ ಎಂದು. ಆ ಪ್ರಾಯದಲ್ಲಿ ಪದ್ಮಾಕ್ಷಿಗೆ ಒಬ್ಬ ತಾಯಿ ಸಿಕ್ಕಿದಂತಾಯಿತು. ಅದು ಅವಳಿಗೆ ಜಗತ್ತಿನಲ್ಲಿ ಉಳಿದಿದ್ದ ಒಂದೇ ಸಂಬಂಧ.

ಇನ್ನು ಪರದೆಯ ಈಚೆಯ ಸುಬ್ಬಯ್ಯ. ಬಸ್ ನಿಲ್ದಾಣದಲ್ಲಿ ಏಜೆಂಟ. ಬೆಳಿಗ್ಗೆಯಿಂದ “ಸಿದ್ಧಕಟ್ಟೆ, ಬಂಟ್ವಾಳ, ಬಿ.ಸಿ.ರೋಡ್, ಬನ್ನಿ ಬನ್ನಿ” ಎಂದು ಕೂಗಿ ಜನ ಹತ್ತಿಸುವುದು ಅವನ ಕೆಲಸ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎನ್ನುತ್ತಾರಲ್ಲ, ಆ ಜಾತಿಯ ಬಾಯಿ. ಮಾರ್ಕೆಟಿನಲ್ಲಿ ಉಳಿದ ತರಕಾರಿಯನ್ನು ನಗಿಸಿ ನಗಿಸಿ ಕೇಳಿ ತಂಗುಮನೆಗೆ ತರುತ್ತಿದ್ದ. ಸಮಿತಿಯವರಿಗೆ ಅವನೆಂದರೆ ಪ್ರೀತಿ. ಆದರೆ ಸಂಜೆ ಹೊಟ್ಟೆಗೆ ಎರಡು ಪ್ಯಾಕೆಟ್ ಸಾರಾಯಿ ಬಿದ್ದರೆ ಅವನೇ ಬೇರೆ, ಬಾಯಿಯೇ ಬೇರೆ. ಪರದೆ ಸರಿಸಿ ಹೆಂಗಸರ ಬದಿಗೆ ಬರುತ್ತಿದ್ದ. ಚಾಪೆಯ ಮೇಲೆ ಕೂತು ಹೊಲಸು ಮಾತಾಡುತ್ತಿದ್ದ, ಹೊದಿಕೆ ಎಳೆಯುತ್ತಿದ್ದ. ಬೆಳಗಿನ ಜಾವ ಮೈಮೂನಮ್ಮ ಪ್ರಾರ್ಥನೆಗೆ ಎದ್ದು ಪಿಸುಗುಟ್ಟಿದರೆ, ನಿದ್ದೆ ಕೆಡಿಸಿದಿರಿ ಎಂದು ಬಂದು ಒದೆಯುತ್ತಿದ್ದ. ಹೌದು, ಆ ಮುದುಕಿಯನ್ನು. ಬೆಳಗಾದರೆ ಮತ್ತೆ “ಅಜ್ಜೀ, ಚಹಾ ಆಯಿತಾ?” ಎಂದು ನಗುತ್ತಿದ್ದ.

ಪದ್ಮಾಕ್ಷಿ ಯಾರಿಗೂ ಹೇಳಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂದು ಕೇಳಿಕೊಂಡೇ ಬೆಳೆದವಳು.

ಹೇಳಿಸಿದವಳು ಶಾಹಿದಾ. ಸರಕಾರಿ ಆರೋಗ್ಯ ಕೇಂದ್ರದ ಸಿಸ್ಟರ್. ವಾರಕ್ಕೊಮ್ಮೆ ಬಂದು ರಕ್ತದೊತ್ತಡ ನೋಡಿ ಮದ್ದು ಕೊಡುತ್ತಿದ್ದಳು. ಆ ಸಲ ಮೈಮೂನಮ್ಮನಿಗೆ ಜ್ವರ, ಮೂತ್ರದಲ್ಲಿ ಉರಿ. ಹಿಂದಿನ ತಿಂಗಳೂ ಅದೇ ಆಗಿತ್ತು.

“ನೀರು ಕುಡಿಯುವುದಿಲ್ಲವಾ ಇವರು?” ಎಂದು ಶಾಹಿದಾ ಕೇಳಿದಳು.

“ಮಧ್ಯಾಹ್ನದ ವರೆಗೆ ಕುಡಿಯುತ್ತಾರೆ. ಮತ್ತೆ ಇಲ್ಲ. ನಾನೂ ಕುಡಿಯುವುದಿಲ್ಲ.”

“ಯಾಕೆ?”

“ಕುಡಿದರೆ ಹೋಗ್ಬೇಕಲ್ಲ ಸಿಸ್ಟರ್.”

“ಹೋದರೆ ಏನಾಗ್ತದೆ?”

ಪದ್ಮಾಕ್ಷಿ ಬೀಡಿಯ ತಡ್ಪೆಯನ್ನು, ಎಲೆ ಇಡುವ ಮೊರವನ್ನು, ಹತ್ತಿರ ಎಳೆದುಕೊಂಡಳು. ಕತ್ತರಿಸಿದ ಎಲೆಯನ್ನೇ ಮತ್ತೆ ಕತ್ತರಿಸಿದಳು. ಶಾಹಿದಾ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಹೊರಗೆ ಬಂತು. ಕಕ್ಕಸಿನ ದಾರಿಗೆ ಅಡ್ಡ ಕಾಲು ಚಾಚುವುದು, ಪರದೆ, ಹೊದಿಕೆ, ಒದೆ. ಶಾಹಿದಾ ಮೈಮೂನಮ್ಮನ ಸೀರೆ ಸರಿಸಿ ನೋಡಿದಳು. ಸೊಂಟದ ಮೇಲೆ ನೀಲಿಗಟ್ಟಿತ್ತು.

“ಇದನ್ನು ಧರ್ಣಪ್ಪಣ್ಣನಿಗೆ ಹೇಳುವ.”

“ಬೇಡ ಸಿಸ್ಟರ್, ನಿಮ್ಮ ದಮ್ಮಯ್ಯ. ಪುಕ್ಕಟೆ ಉಣ್ಣುವವರು ನಾವು. ದೂರು ಹೇಳಿದರೆ ಅಹಂಕಾರ ಅಂತ ಹೇಳ್ತಾರೆ. ಹೊರಗೆ ಹಾಕಿದರೆ ಈ ಮುದುಕಿಯನ್ನು ಕರ್ಕೊಂಡು ನಾನು ಎಲ್ಲಿಗೆ ಹೋಗುವುದು?”

“ಪದ್ಮಾಕ್ಷಿಯಕ್ಕ, ಗಂಜಿ ಪುಕ್ಕಟೆ ಇರಬಹುದು. ಅದಕ್ಕೆ ಒದೆ ತಿನ್ನಬೇಕು ಅಂತ ಎಲ್ಲಿಯೂ ಇಲ್ಲ. ಮನೆ ಇಲ್ಲದವರಿಗೂ ಮೈ ಉಂಟಲ್ಲ, ಮಾನ ಉಂಟಲ್ಲ?”

ಅವಳನ್ನು ಒಪ್ಪಿಸಿ ಶಾಹಿದಾಳೇ ಹೋಗಿ ಹೇಳಿದಳು. ಕೊಡೆ ಅಂಗಡಿಯಲ್ಲಿ ಧರ್ಣಪ್ಪ ಎಲ್ಲ ಕೇಳಿ ಬಹಳ ನೊಂದರು. ನಿಜವಾಗಿಯೂ ನೊಂದರು. ಆದರೆ ಮೊದಲು ಬಂದ ಮಾತು ಮಾತ್ರ ಹೀಗಿತ್ತು: “ಅವನೂ ಪಾಪದವನೇ ಅಲ್ಲವಾ ಶಾಹಿದಾ? ಕುಡಿದಾಗ ಗೊತ್ತಾಗುವುದಿಲ್ಲ ಅವನಿಗೆ. ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು ಅವನು?”

“ಅವನು ಎಲ್ಲಿಗೆ ಹೋಗುವುದು ಅಂತ ಕೇಳ್ತೀರಿ. ಅವನ ದೆಸೆಯಿಂದ ಇವರು ಎಲ್ಲಿಗೆ ಹೋಗುವುದು ಅಂತ ಯಾಕೆ ಕೇಳುವುದಿಲ್ಲ? ಅವನ ಕುಡಿತಕ್ಕೂ ಮದ್ದು ಉಂಟು, ನಾನು ಮಾಡಿಸ್ತೇನೆ. ಆದರೆ ಮದ್ದು ಆಗುವ ವರೆಗೆ ಇವರ ಚಾಪೆಯ ಹತ್ತಿರ ಅವನು ಬೇಡ. ನಡುವೆ ಒಂದು ಗೋಡೆ ಹಾಕಿಸಿ, ಬಾಗಿಲಿಗೆ ಒಳಗಿನಿಂದ ಚಿಲಕ. ಹೆಂಗಸರ ಬದಿಗೆ ಒಂದು ಕಕ್ಕಸು. ರಾತ್ರಿಗೆ ಒಬ್ಬಳು ಹೆಂಗಸನ್ನು ಕಾವಲಿಗೆ ಇಡಿ. ಕೈ ಎತ್ತಿದವನಿಗೆ ಅಂದಿನಿಂದ ಒಳಗೆ ಜಾಗ ಇಲ್ಲ ಅಂತ ಎಲ್ಲರ ಎದುರು ಹೇಳಿ.”

“ಗೋಡೆ ಗೀಡೆ ಯಾಕೆ ಮಾರಾಯ್ತಿ, ಜೈಲಾ ಅದು? ನಾನು ಒಂದೇ ಮಾತಿನಲ್ಲಿ ಸರಿ ಮಾಡ್ತೇನೆ ನೋಡು. ಅವನಿಂದ ಆಣೆ ಹಾಕಿಸುವ.”

ನಮ್ಮ ಕಡೆಯಲ್ಲಿ ಆಣೆ ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಕೋರ್ಟಿಗೆ ಹೆದರದವನೂ ದೈವದ ಗುಡಿಯ ಮೆಟ್ಟಿಲಿಗೆ ಹೆದರುತ್ತಾನೆ. ಗಡಿಯ ಜಗಳ, ಪಾಲಿನ ಜಗಳ ಎಷ್ಟೋ ಅಲ್ಲೇ ಮುಗಿದಿವೆ. ಮರು ಮಂಗಳವಾರ ಸುಬ್ಬಯ್ಯ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಗುಡಿಯ ಎದುರು ನಿಂತ. ಇನ್ನು ಕುಡಿಯುವುದಿಲ್ಲ, ಹೆಂಗಸರ ತಂಟೆಗೆ ಹೋಗುವುದಿಲ್ಲ ಎಂದು ಸ್ವರ ಏರಿಸಿ ಹೇಳಿದ. ಕಣ್ಣಲ್ಲಿ ನೀರು ಕೂಡ ಬಂತು. ಗುಡಿಯ ಹಿರಿಯರು ಅವನಿಗೆ ಗಂಧ ಕೊಟ್ಟರು, ಪದ್ಮಾಕ್ಷಿಗೂ ಕೊಟ್ಟರು. ಎರಡೂ ಕಡೆಯವರು ಗಂಧ ಹಿಡಿದರೆ ಮಾತು ಮುಗಿಯಿತು ಎಂದು ಲೆಕ್ಕ. ಆಮೇಲೆ ಅದನ್ನು ಕೆದಕಿದವರ ಮೇಲೆಯೇ ದೋಷ. ಪದ್ಮಾಕ್ಷಿ ಕೈಯೊಡ್ಡಿ ಹಿಡಿದಳು. ಹಿಡಿಯುವುದಿಲ್ಲ ಎನ್ನಲು ಅವಳು ಯಾರು?

ಶಾಹಿದಾ ಅಷ್ಟಕ್ಕೆ ಬಿಡಲಿಲ್ಲ. “ಆಣೆ ಆಯಿತಲ್ಲ, ಇನ್ನು ಗೋಡೆ ಯಾವಾಗ?” ಎಂದು ಕೇಳಿದಳು.

ಧರ್ಣಪ್ಪನಿಗೆ ಸ್ವಲ್ಪ ಸಿಟ್ಟೇ ಬಂತು. “ಆಣೆ ಹಾಕಿದ ಮೇಲೆ ಚಿಲಕ ಯಾಕೆ? ಚಿಲಕ ಹಾಕಿದರೆ ದೈವದ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದೆ.”

“ನಂಬಿಕೆ ಇಡಬೇಡಿ ಅಂತ ಹೇಳಿದ್ದಲ್ಲ ನಾನು. ಮೊದಲು ಒಂಟೆ ಕಟ್ಟು, ಮತ್ತೆ ದೇವರ ಮೇಲೆ ಭಾರ ಹಾಕು ಅಂತ ನಮ್ಮಲ್ಲಿ ಹೇಳ್ತಾರೆ. ದೈವದ ಕೆಲಸ ದೈವ ಮಾಡಲಿ ಧರ್ಣಪ್ಪಣ್ಣ, ಚಿಲಕದ ಕೆಲಸ ಚಿಲಕವೇ ಮಾಡ್ಬೇಕು.”

“ನೋಡುವ, ನೋಡುವ” ಎಂದರು ಅಧ್ಯಕ್ಷರು. ಸಮಿತಿಗಳಲ್ಲಿ ನೋಡುವ ಎಂದರೆ ನೋಡುವುದಿಲ್ಲ ಎಂದು ಅರ್ಥ, ನಿಮಗೂ ಗೊತ್ತುಂಟು.

ಕೆಲವು ದಿನ ಸುಬ್ಬಯ್ಯ ಹಸುವಿನ ಹಾಗಿದ್ದ. ಪದ್ಮಾಕ್ಷಿ ಸಂಜೆಗೂ ನೀರು ಕುಡಿದಳು. ಮೈಮೂನಮ್ಮನಿಗೂ ಕುಡಿಸಿದಳು. ಆಟಿ ತಿಂಗಳ, ಅಂದರೆ ಆಷಾಢದ, ಮಳೆ ಹಿಡಿಯಿತು, ಬಸ್ಸಿನ ಜನ ಕಡಿಮೆಯಾದರು, ಅವನಿಗೆ ಪುನಃ ಪ್ಯಾಕೆಟ್ಟಿನ ನೆನಪಾಯಿತು. ಪರದೆ ಮತ್ತೆ ಸರಿಯಿತು. ಈಗ ಅವನು ಮೊದಲಿನ ಹಾಗೆ ಕೂಗುತ್ತಿರಲಿಲ್ಲ, ಸಣ್ಣ ಸ್ವರದಲ್ಲಿ ಹೇಳುತ್ತಿದ್ದ: “ಹೋಗಿ ಹೇಳು, ಹೇಳು. ಗಂಧ ಹಿಡಿದ ಕೈ ಅದು. ನಿನ್ನ ಬಾಯಿಗೇ ಹುಳ ಬೀಳ್ತದೆ.”

ಪದ್ಮಾಕ್ಷಿ ನಂಬಿದಳು. ಅವಳನ್ನು ಪೆದ್ದಿ ಎನ್ನಬೇಡಿ. ಅವಳ ಜಾಗದಲ್ಲಿ ನಾವಿದ್ದರೂ ನಂಬುತ್ತಿದ್ದೆವು. ಧರ್ಣಪ್ಪನ ಹತ್ತಿರ ಒಮ್ಮೆ ಬಾಯಿ ತೆರೆದಳು, ಅಷ್ಟರಲ್ಲಿ ಅವರೇ ಹೇಳಿದರು, “ಏನಾದರೂ ತಪ್ಪಿದ್ದರೆ ದೈವ ನೋಡಿಕೊಳ್ತದೆ ಪದ್ಮಾಕ್ಷಿ. ನೀನು ಮನಸ್ಸು ಕೆಡಿಸಿಕೊಳ್ಳಬೇಡ.” ಆ ವಾರ ಸುಬ್ಬಯ್ಯನಿಗೆ ನೆಗಡಿಯಾಗಿತ್ತು. ದೈವ ನೋಡಿಕೊಂಡದ್ದು ಅಷ್ಟೇ.

ಶಾಹಿದಾ ಬಂದು ಕೇಳಿದಾಗಲೂ ಪದ್ಮಾಕ್ಷಿ, “ಎಲ್ಲ ಸರಿ ಉಂಟು ಸಿಸ್ಟರ್” ಎಂದಳು. ಶಾಹಿದಾ ಅವಳ ಮುಖವನ್ನೇ ನೋಡಿದಳು. “ನೀರು ಕುಡೀತೀರಲ್ಲ?” ಎಂದಳು. ಪದ್ಮಾಕ್ಷಿ ಹೂಂ ಎಂದಳು. ಸುಳ್ಳು ಹೇಳುವಾಗ ಅವಳ ನಾಲಗೆ ಒಣಗಿ ಅಂಟುತ್ತಿತ್ತು.

ಮೈಮೂನಮ್ಮನಿಗೆ ಆಣೆ ಗಂಧ ಯಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ನೋವು ಮಾತ್ರ. “ಮೋಳೆ, ಅವನು ಪುನಃ ಬಂದ. ನೀನು ಯಾರಿಗಾದರೂ ಹೇಳು” ಎಂದರು ಒಂದು ಬೆಳಿಗ್ಗೆ.

“ಸುಮ್ಮನಿರಿ ಉಮ್ಮ. ಸ್ವಲ್ಪ ಸಹಿಸಿಕೊಳ್ಳಿ. ನಮಗೆ ಬೇರೆ ಎಲ್ಲುಂಟು ಜಾಗ?”

“ಫರಂಗಿಪೇಟೆಯಲ್ಲಿ ಉಂಟು. ಅಕ್ಕ ಇದ್ದಾಳೆ.”

“ಆಯಿತು, ಮಳೆ ಬಿಡಲಿ. ಹೋಗುವ.”

ಮಕ್ಕಳಿಗೆ ಹೇಳುವ ಹಾಗೆ ಹೇಳಿ ಅವಳು ಬ್ರಾಂಚಿಗೆ ಬೀಡಿ ಕೊಡಲು ಹೋದಳು. ಬರುವಾಗ ಮಧ್ಯಾಹ್ನ. ಚಾಪೆ ಮಡಚಿ ಇಟ್ಟಿತ್ತು, ಬಟ್ಟೆಯ ಗಂಟು ಇರಲಿಲ್ಲ. ಪದ್ಮಾಕ್ಷಿ ನಿಲ್ದಾಣಕ್ಕೆ ಓಡಿದಳು. ಚಹಾದಂಗಡಿಯ ಉಮ್ಮರ್ ಖುಷಿಯಲ್ಲೇ ಹೇಳಿದ, “ಅಜ್ಜಿ ಬಿ.ಸಿ.ರೋಡಿನ ಬಸ್ಸಿಗೆ ಹೋದರಲ್ಲ. ಸುಬ್ಬಯ್ಯನೇ ಕೈ ಹಿಡಿದು ಹತ್ತಿಸಿದ್ದು, ಗಂಟನ್ನೂ ಮೇಲೆ ಕೊಟ್ಟ. ಆಣೆ ಹಾಕಿದ ಮೇಲೆ ಎಷ್ಟು ಬದಲಾಗಿದ್ದಾನೆ ಮಾರಾಯ್ತಿ, ನೋಡಿ ಸಂತೋಷ ಆಯಿತು.”

ಪದ್ಮಾಕ್ಷಿ ಮುಂದಿನ ಬಸ್ಸು ಹಿಡಿದು ಬಿ.ಸಿ.ರೋಡಿಗೆ ಹೋದಳು, ಅಲ್ಲಿಂದ ಫರಂಗಿಪೇಟೆಗೆ. ಹೆದ್ದಾರಿಯ ಎರಡೂ ಬದಿ ಕಂಡವರನ್ನೆಲ್ಲ ಕೇಳಿದಳು. ಎಲ್ಲರಿಗೂ ಅವಸರ, ಎಲ್ಲರ ಕೈಯಲ್ಲೂ ಕೊಡೆ. ಸಿಗಲಿಲ್ಲ. ಮೈಮೂನಮ್ಮ ಫರಂಗಿಪೇಟೆ ಮುಟ್ಟಿರಲೇ ಇಲ್ಲ. ಬಿ.ಸಿ.ರೋಡಿನಲ್ಲೇ ಇಳಿದು, ಮುಚ್ಚಿದ ಒಂದು ಅಂಗಡಿಯ ಹಿಂದಿನ ಜಗಲಿಯಲ್ಲಿ ಮಳೆಗೆ ನೆನೆಯುತ್ತಾ ಕೂತಿದ್ದರು. ಯಾರೋ ನೋಡಿ ಪೊಲೀಸರಿಗೆ ಹೇಳಿ ಸರಕಾರಿ ಆಸ್ಪತ್ರೆಗೆ ಸೇರಿಸುವಾಗ ಎರಡು ರಾತ್ರಿ ಕಳೆದಿತ್ತು. ಗಂಟಿನಲ್ಲಿದ್ದ ಮದ್ದಿನ ಚೀಟಿ ನೋಡಿ ಆಸ್ಪತ್ರೆಯವರು ಶಾಹಿದಾಳಿಗೆ ಸುದ್ದಿ ಕಳಿಸಿದರು. ಅವಳು ಪದ್ಮಾಕ್ಷಿಯನ್ನು ಕರೆದುಕೊಂಡು ಹೋದಳು.

ಉಸಿರು ಗೊರಗೊರ ಎನ್ನುತ್ತಿತ್ತು. ಪದ್ಮಾಕ್ಷಿ ಕೈ ಹಿಡಿದಾಗ ಗುರುತು ಸಿಕ್ಕಿತು.

“ಮೋಳೆ, ಬಂದೆಯಾ? ಇಲ್ಲಿ ಯಾರೂ ಒದೆಯುವುದಿಲ್ಲ. ಜಗಲಿಯಲ್ಲಿಯೂ ಯಾರೂ ಒದೆಯಲಿಲ್ಲ. ನೀನೂ ಇಲ್ಲಿಗೆ ಬಾ.”

ಮಾರನೆಯ ದಿನ ತೀರಿಕೊಂಡರು. ದಫನ ಮಾಡಿಸಲು ಪೇಟೆಯ ಹಿರಿಯರು ಬಂದರು, ಸಮಿತಿಯವರೆಲ್ಲ ಬಂದರು. ಪದ್ಮಾಕ್ಷಿ ದೂರ ನಿಂತಿದ್ದಳು. ಅಳು ಬರಲಿಲ್ಲ. ಸಹಿಸಿಕೊಳ್ಳಿ ಎಂದು ಹೇಳಿದ ತನ್ನದೇ ಸ್ವರ ಕಿವಿಯಲ್ಲಿ ಕೂತು ಏಳುತ್ತಲೇ ಇರಲಿಲ್ಲ.

ಆ ವಾರ ತಂಗುಮನೆಯಲ್ಲಿ ಸಭೆ ಸೇರಿತು. ಪದ್ಮಾಕ್ಷಿ ತಾನೇ ಎದ್ದು ನಿಂತು ಎಲ್ಲ ಹೇಳಿದಳು, ಗಂಧ ಹಿಡಿದ ಮೇಲಿನದ್ದನ್ನೂ ಹೇಳಿದಳು. “ಬಾಯಿಗೆ ಹುಳ ಬೀಳುವುದಾದರೆ ಬೀಳಲಿ” ಎಂದಳು. ಸಭೆಗೆ ಬಂದಿದ್ದ ಚಹಾದಂಗಡಿಯ ಉಮ್ಮರ್ ತಲೆ ಎತ್ತಲಿಲ್ಲ. ಧರ್ಣಪ್ಪ ಮುಖ ಮುಚ್ಚಿಕೊಂಡು ಅತ್ತರು. “ನಾನು ಒಳ್ಳೆಯದಕ್ಕೇ ಮಾಡಿದ್ದು ಪದ್ಮಾಕ್ಷಿ, ಒಳ್ಳೆಯದಕ್ಕೇ ಮಾಡಿದ್ದು.”

“ಗೊತ್ತುಂಟು ಧಣಿ. ನೀವು ಒಳ್ಳೆಯವರೇ. ಅವನಿಗೂ ಒಳ್ಳೆಯವರಾದಿರಿ, ನಮಗೂ ಒಳ್ಳೆಯವರಾದಿರಿ. ಇಬ್ಬರಿಗೂ ಒಟ್ಟಿಗೆ ಆಗ್ಲಿಕ್ಕಿಲ್ಲ ಅದು.”

ಸುಬ್ಬಯ್ಯನನ್ನು ಅಂದೇ ಹೊರಗೆ ಕಳುಹಿಸಿದರು. ಪೊಲೀಸರಿಗೆ ದೂರು ಕೊಟ್ಟರು, ಆದರೆ ಒದೆಸಿಕೊಂಡವರೇ ಇಲ್ಲ, ಕಣ್ಣಾರೆ ಕಂಡೆ ಎನ್ನುವವಳು ಒಬ್ಬಳೇ, ದೂರಿಗೆ ಬಲವೆಲ್ಲಿ? ಅವನು ಈಗಲೂ ಬಸ್ಸುಗಳ ಹೆಸರು ಕೂಗುತ್ತಾನೆ, ಜನ ನಗುತ್ತಾರೆ. ಗೋಡೆ ಹದಿನೈದು ದಿನದೊಳಗೆ ಎದ್ದಿತು. ಹೆಂಗಸರ ಬದಿಗೆ ಕಕ್ಕಸು ಬಂತು, ಒಳಚಿಲಕ ಬಂತು, ರಾತ್ರಿಗೆ ಮೋಹಿನಿ ಎಂಬ ಗಟ್ಟಿ ಹೆಂಗಸು ಕಾವಲಿಗೆ ಬಂದಳು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ. ಹಾಕಿದ್ದು ಒಳ್ಳೆಯದೇ, ಮುಂದೆ ಬರುವವರಿಗೆ ಆಯಿತು. ಆದರೆ ಕೆಂಪು ಕಲ್ಲು ಅಂದೂ ಇತ್ತು, ಮೇಸ್ತ್ರಿಯೂ ಇದ್ದ. ಒಂದು ಜೀವ ಹೋಗುವ ವರೆಗೆ ಕಾಯಬೇಕಾಗಿರಲಿಲ್ಲ.

ಗೋಡೆಗೆ ಸುಣ್ಣ ಬಳಿದ ದಿನ ಶಾಹಿದಾ, “ಇನ್ನು ಹೆದರಿಕೆ ಇಲ್ಲ ಪದ್ಮಾಕ್ಷಿಯಕ್ಕ” ಎಂದಳು. “ಇಲ್ಲ” ಎಂದಳು ಪದ್ಮಾಕ್ಷಿ. “ಆದರೆ ಈಗ ನಾನು ಕಾಪಾಡ್ಲಿಕ್ಕೆ ಯಾರುಂಟು ಸಿಸ್ಟರ್?”

ಶಾಹಿದಾ ಮೈಮೂನಮ್ಮನ ಚಾಪೆ ಇದ್ದ ಜಾಗದಲ್ಲಿ ಅವಳ ಪಕ್ಕ ಕೂತುಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ನಿಮ್ಮ ಊರಿನಲ್ಲೂ ಇಂಥ ಮನೆ ಇರಬಹುದು. ಆಶ್ರಮ ಎನ್ನಬಹುದು, ಛತ್ರ ಎನ್ನಬಹುದು. ಅಕ್ಕಿ ಕೊಡಿ, ಕಂಬಳಿ ಕೊಡಿ, ಬೇಡ ಎನ್ನುವುದಿಲ್ಲ. ಕೊಟ್ಟ ಮೇಲೆ ಒಳಗೆ ಹೋಗಿ. ಹೆಂಗಸರಿಗೆ, ಮುದುಕರಿಗೆ, ಮಕ್ಕಳಿಗೆ ಬೇರೆ ಜಾಗ ಉಂಟಾ, ಬಾಗಿಲು ಒಳಗಿನಿಂದ ಹಾಕಲಿಕ್ಕೆ ಆಗುತ್ತದಾ ಎಂದು ಕಣ್ಣಾರೆ ನೋಡಿ. ದೂರು ಹೇಳಿದವರನ್ನು ಸುಮ್ಮನಿರಿ ಎನ್ನಬೇಡಿ, ರಾಜಿ ಮಾಡಿಸಿ ಕೈ ತೊಳೆದುಕೊಳ್ಳಬೇಡಿ. ಹೊಡೆಯುವವನನ್ನು ಪಾಪ ಎಂದು ಸಹಿಸಿದರೆ ಆ ಪಾಪದ ಪಾಲು ಸಹಿಸಿದವರಿಗೂ ಬರುತ್ತದೆ. ನೀವೇ ಅಂಥ ಕಡೆ ಇರುವವರಾದರೆ, ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಆರೋಗ್ಯ ಕೇಂದ್ರದ ಸಿಸ್ಟರಿಗೆ, ಅಂಗನವಾಡಿ ಟೀಚರಿಗೆ, ಪೊಲೀಸ್ ಠಾಣೆಗೆ ಹೇಳಿ. ಹೇಳುವುದು ಅಹಂಕಾರ ಅಲ್ಲ.

ಒಳಗೆ ಹೋದಾಗ ಊಟ ಆಯಿತಾ ಎಂದು ಎಲ್ಲರೂ ಕೇಳುತ್ತಾರೆ. ನೀವು ಯಾವುದಾದರೂ ಒಂದು ಚಾಪೆಯ ಪಕ್ಕ ಕೂತುಕೊಂಡು, ಬೇರೆ ಯಾರಿಗೂ ಕೇಳಿಸದ ಹಾಗೆ, “ನಿನ್ನೆ ನಿದ್ದೆ ಬಂತಾ?” ಎಂದು ಕೇಳಿ. ಉತ್ತರ ತಡವಾದರೆ ಎದ್ದು ಬರಬೇಡಿ.